ದೇವರ ಮುಂದೆ ಬಿಚ್ಚಿಟ್ಟ ಪತ್ರ

ಶತ್ರುವಿನಿಂದ ಬೆದರಿಕೆಯ ಪತ್ರ ಬಂದರೆ ಅರಸನಾದವನು ಮಂತ್ರಿಗಳನ್ನು ಕರೆಸುತ್ತಾನೆ, ಮಿತ್ರರಾಜರ ಬಳಿಗೆ ದೂತರನ್ನು ಅಟ್ಟುತ್ತಾನೆ. ಯೆಹೂದದ ಅರಸ ಹಿಜ್ಕೀಯ ತನಗೆ ಬಂದ ಅಂಥ ಪತ್ರವನ್ನು ಓದಿ, ದೇವಾಲಯಕ್ಕೆ ಒಯ್ದು, ಯೆಹೋವನ ಮುಂದೆ ಬಿಚ್ಚಿ ಹರಡಿದ. ಎಲ್ಲ ಬಲ್ಲವನಿಗೆ ಕಾಗದ ತೋರಿಸುವುದೇ! ಪ್ರವಾದಿ ಯೆಶಾಯನ ಗ್ರಂಥದ ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ಓದು ನಿಂತುಬಿಡುತ್ತದೆ. (ಕಷ್ಟವನ್ನು ಚೀಟಿಯಲ್ಲಿ ಬರೆದು ಚರ್ಚಿನ ಪ್ರಾರ್ಥನಾ ಪೆಟ್ಟಿಗೆಗೆ ಹಾಕುವವರಿಗೆ ಇದು ಅಷ್ಟೇನೂ ವಿಚಿತ್ರ ಎನಿಸಲಿಕ್ಕಿಲ್ಲ.)

ಅದು ಕ್ರಿ.ಪೂ. 701. ಯೆಹೂದದ 46 ಕೋಟೆಯೂರುಗಳನ್ನು ಹಿಡಿದೆನೆಂದು ಅಶ್ಶೂರದ ಅರಸ ಸನ್ಹೇರೀಬ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ಅವುಗಳಲ್ಲೊಂದಾದ ಲಾಕೀಷ್ ಬಿದ್ದದ್ದನ್ನು ನಿನೆವೆಯ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದ. ಎತ್ತಿನ ಗಾಡಿಯಲ್ಲಿ ಗಂಟುಮೂಟೆ ಹೇರಿಕೊಂಡು ಊರು ಬಿಡುವ ಸಂಸಾರಗಳನ್ನು ಇಂದಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿ ಕಾಣಬಹುದು.

ಹಿಜ್ಕೀಯ ಕೈಕಟ್ಟಿ ಕೂತವನೇನಲ್ಲ. ಗೀಹೋನ್ ಬುಗ್ಗೆಯ ನೀರನ್ನು ಯೆರೂಸಲೇಮಿನ ಕೋಟೆಯೊಳಗೆ ತರಲು ಬಂಡೆಯಲ್ಲಿ ಸುಮಾರು 533 ಮೀಟರ್ ಸುರಂಗ ಕೊರೆಸಿದ. ಎರಡು ತುದಿಗಳಿಂದ ಅಗೆದು ಬಂದವರು ಕಲ್ಲಿನಾಚೆಯ ಕೂಗು ಕೇಳಿಸಿಕೊಂಡು ನಡುವೆ ಸೇರಿದರಂತೆ. 1880ರಲ್ಲಿ ಸಿಕ್ಕ ಅಲ್ಲಿಯ ಬರಹ ಹಾಗೆನ್ನುತ್ತದೆ. ಉಳಿದಿರುವ ಆ ಆರು ಸಾಲುಗಳಲ್ಲಿ ಅರಸನ ಹೆಸರೂ ಇಲ್ಲ, ದೇವರ ಹೆಸರೂ ಇಲ್ಲ. ಇರುವುದು ಗುದ್ದಲಿಯ ಮಾತು ಮಾತ್ರ. ಯೆರೂಸಲೇಮಿನವರು ನೀರು ಕೂಡಿಸಿಟ್ಟದ್ದು ಯೆಶಾಯನಿಗೆ ತಪ್ಪಾಗಿ ಕಾಣಲಿಲ್ಲ. ಕೊಳವನ್ನು ನೋಡಿದವರು ಅದನ್ನು ಉಂಟುಮಾಡಿದವನತ್ತ ಮುಖ ತಿರುಗಿಸಲಿಲ್ಲ ಎಂಬುದೇ ಅವನ ಸಂಕಟ. ಸುರಂಗವನ್ನು ನಾನಂತೂ ಸುಳ್ಳು ಆಸರೆ ಎನ್ನಲಾರೆ.

ಐಗುಪ್ತದ ನೆರವಿನ ಕಥೆ ಬೇರೆ. ಅಲ್ಲಿನ ಕುದುರೆಗಳನ್ನು, ರಥಗಳನ್ನು ನಂಬಬೇಡಿ ಎಂದು ಯೆಶಾಯ ಗಂಟಲು ಹರಿದುಕೊಂಡಿದ್ದ, ಕೇಳಿದವರಿಲ್ಲ. ಕೊನೆಗೆ ಅದೇ ಮಾತನ್ನು ಕೋಟೆಯ ಹೊರಗೆ ನಿಂತು ಅಶ್ಶೂರದ ಅಧಿಕಾರಿ ರಬ್ಷಾಕೆ ಹೇಳಿದ: ಊರಿಕೊಂಡವನ ಅಂಗೈಯನ್ನೇ ಚುಚ್ಚುವ ಮುರಿದ ದಂಟು ಅದು. ಅರಾಮ್ಯ ಭಾಷೆಯಲ್ಲಿ ಮಾತಾಡಿ, ಗೋಡೆಯ ಮೇಲಿರುವ ಜನಕ್ಕೆ ಕೇಳಿಸುತ್ತದೆ ಎಂದು ಹಿಜ್ಕೀಯನ ಅಧಿಕಾರಿಗಳು ಬೇಡಿಕೊಂಡರೆ, ಆತ ಅವರ ನುಡಿಯಲ್ಲೇ ಇನ್ನಷ್ಟು ಗಟ್ಟಿಯಾಗಿ ಕೂಗಿದ. ಪ್ರವಾದಿಯಿಂದ ಕೇಳಲೊಲ್ಲದ ಸತ್ಯವನ್ನು ಶತ್ರುವಿನ ಬಾಯಿಂದ ಕೇಳುವ ಗತಿ!

ಚಿನ್ನವೂ ಕೈಕೊಟ್ಟಿತ್ತು. ದೇವಾಲಯದ ಬಾಗಿಲುಗಳ ಚಿನ್ನದ ತಗಡು ಕಿತ್ತು ಕಪ್ಪ ಕೊಟ್ಟರೂ ದಂಡು ಬಂದೇ ಬಂತು. ಮೂವತ್ತು ತಲಾಂತು ಚಿನ್ನವೆಂದು ಸತ್ಯವೇದವೂ ಸನ್ಹೇರೀಬನ ಶಾಸನವೂ ಒಂದೇ ಲೆಕ್ಕ ಹೇಳುತ್ತವೆ.

ಆಮೇಲೆ ಬಂತು ಸನ್ಹೇರೀಬನ ಆ ಪತ್ರ. ಅದರ ಮುಂದೆ ನಿಂತು ಹಿಜ್ಕೀಯ ಮಾಡಿದ ಪ್ರಾರ್ಥನೆಯಲ್ಲಿ ನನ್ನನ್ನು ಬೆರಗುಗೊಳಿಸುವುದು ಅದರ ನೇರತನ. ಶತ್ರು ಸುಳ್ಳು ಬರೆದಿದ್ದಾನೆ ಎಂದು ಅವನು ದೂರುವುದಿಲ್ಲ. ಅಶ್ಶೂರದವರು ದೇಶಗಳನ್ನು ಹಾಳುಗೆಡವಿದ್ದು ನಿಜ, ಆ ದೇಶಗಳ ದೇವರುಗಳನ್ನು ಬೆಂಕಿಗೆ ಹಾಕಿದ್ದೂ ನಿಜ ಎಂದು ಒಪ್ಪಿಕೊಂಡು, ಅಲ್ಲಿಂದಲೇ ಕೇಳುತ್ತಾನೆ. ಭಯವನ್ನು ಚಿಕ್ಕದು ಮಾಡಿಕೊಳ್ಳದೆಯೂ ದೇವರ ಕಡೆ ತಿರುಗಬಹುದೆಂದು ಇವನಿಗೆ ಯಾರು ಹೇಳಿಕೊಟ್ಟರೋ.

ಯೆರೂಸಲೇಮ್ ಉಳಿಯಿತು. ಅದನ್ನು ಹಿಡಿದೆನೆಂದು ಸನ್ಹೇರೀಬನೂ ಎಲ್ಲಿಯೂ ಬರೆಸಿಲ್ಲ. ಆದರೆ ಎರಡು ಅಧ್ಯಾಯ ದಾಟಿದರೆ, ಇದೇ ಹಿಜ್ಕೀಯ ಬಾಬೆಲಿನ ದೂತರಿಗೆ ಭಂಡಾರ, ಆಯುಧಶಾಲೆಗಳನ್ನೆಲ್ಲ ತೆರೆದು ತೋರಿಸಿ ಬೀಗುತ್ತಿದ್ದಾನೆ. ಅವರು ಏನೇನು ನೋಡಿದರು ಎಂದು ಕೇಳಲು ಯೆಶಾಯ ಮತ್ತೆ ಅರಮನೆಗೆ ಬರಬೇಕಾಯಿತು.