ಸವೆದದ್ದು, ಮೂಡದೇ ಉಳಿದದ್ದು

ಕೊತ್ತಗೆರೆ ಕಡೆ ಯಾರದೋ ಹಳೇ ಪೆಟ್ಟಿಗೆಯಲ್ಲಿ ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸು ಸಿಕ್ಕಿತೆನ್ನಿ. ಮನೆಯವರಿಗೆ ಮೊದಲು ತೋಚುವುದು ಹುಣಸೆಹಣ್ಣು ಹಚ್ಚಿ ತಿಕ್ಕುವುದು. ನಾಣ್ಯ ಬಲ್ಲವರ ಕಣ್ಣಿಗೆ ಅದು ಬೆಳಗಿದ್ದಲ್ಲ, ಕೆಡಿಸಿದ್ದು. ಕಾಲ ಕಟ್ಟಿದ ಕಂದು ಪದರದ ಜೊತೆ ಬೆಲೆಯೂ ಹೋಗುತ್ತದೆ.

ಅವರು ಇನ್ನೊಂದನ್ನೂ ನೋಡುತ್ತಾರೆ. ಇಂಥ ಕಾಸುಗಳನ್ನು ಕೈಯಿಂದಲೇ ಅಚ್ಚು ಹೊಡೆದು ಮಾಡುತ್ತಿದ್ದರು. ಏಟು ಸರಿಯಾಗಿ ಬೀಳದಿದ್ದರೆ ಆನೆಯ ಸೊಂಡಿಲು ಟಂಕಸಾಲೆಯಲ್ಲೇ ಮೂಡಿರುವುದಿಲ್ಲ. ನೂರಾರು ಕೈ ದಾಟಿ ಸವೆದರೂ ಸೊಂಡಿಲು ಕಾಣುವುದಿಲ್ಲ. ಇವೆರಡನ್ನು ಬೇರೆ ಮಾಡಿ ಹೇಳುವುದೇ ದರ್ಜೆ ನೋಡುವವರ ನಿಜವಾದ ವಿದ್ಯೆ.

ಇಂದು ಚಾಲ್ತಿಯಲ್ಲಿರುವ 1ರಿಂದ 70ರ ಅಂಕಗಳ ಮೂಲ, 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗೆ ಮಾಡಿದ ಅಳತೆ. ಮನಶ್ಶಾಸ್ತ್ರಜ್ಞನಾಗಿದ್ದ ಈತ ಅದಕ್ಕೂ ಮೊದಲೇ ಮನುಷ್ಯರ ಮೈಕಟ್ಟಿಗೆ 1ರಿಂದ 7ರವರೆಗೆ ಅಂಕ ಕೊಟ್ಟು, ಅದರಿಂದ ಸ್ವಭಾವವನ್ನು ಓದಲು ಹೊರಟಿದ್ದ. ನಾಣ್ಯದ ಅಳತೆ ಉಳಿಯಿತು. ಮನುಷ್ಯರದ್ದು ವಿಜ್ಞಾನದಲ್ಲಿ ನಿಲ್ಲಲಿಲ್ಲ.

ನಾಣ್ಯದ ದರ್ಜೆ ಹೇಳುವುದು ಲೋಹದ ಸ್ಥಿತಿಯನ್ನಷ್ಟೇ. ಅತಿ ಮೇಲಿನ ದರ್ಜೆ ಸಂತೆಯನ್ನೇ ಕಾಣದ ನಾಣ್ಯಕ್ಕೆ. ಸವೆದದ್ದು ಉಪ್ಪು ಕೊಂಡಿದೆ, ಕೂಲಿ ತೀರಿಸಿದೆ; ಅದನ್ನು ಅಳೆದಿದ್ದೇನೆಂದು ಅಂಕ ಹೇಳಿಕೊಳ್ಳುವುದಿಲ್ಲ. ಮನುಷ್ಯರಿಗೆ ಅಂಕ ಹಾಕುವಾಗ ಈ ಮಿತಿಯನ್ನು ನಾವು ಮರೆಯುತ್ತೇವೆ. ವಿದ್ಯಾರ್ಥಿಯಲ್ಲಿ ಕಾಣದಿರುವುದು ಶಾಲೆ ಮೂಡಿಸದೇ ಬಿಟ್ಟದ್ದೋ, ಮನೆಯ ದುಡಿಮೆಯಲ್ಲಿ ಸವೆದದ್ದೋ ಎಂದು ಕೇಳದೆಯೇ ಅಂಕಪಟ್ಟಿ ಬರೆಯುತ್ತೇವೆ. ತಾಮ್ರದ ಕಾಸಿಗೆ ಸಿಗುವಷ್ಟು ಎಚ್ಚರದ ನೋಟವಾದರೂ ಅವರಿಗೆ ಸಲ್ಲಬೇಕು.