ಮೊದಲ ಸಲ ಕೇಳಿ ತೀರ್ಪು ಕೊಡಬಹುದೇ?



ಕಳೆದ ತಿಂಗಳು ನನ್ನ ಅಕ್ಕನ ಮಗ ತನ್ನ ಮೊದಲ ಸಂಬಳದಲ್ಲಿ ನನಗೊಂದು ಇಯರ್‌ಫೋನ್ ತಂದುಕೊಟ್ಟ. ಕಿವಿಯ ಒಳಗೇ ಸೇರಿಸಿಕೊಳ್ಳುವ ಬಗೆಯದು; ಬೆಲೆ 400 ರೂಪಾಯಿ. ಅಲ್ಲೇ ಕಿವಿಗಿಟ್ಟು ಒಂದು ಹಾಡು ಕೇಳಿದೆ. ಮೃದಂಗದ ಎಡಗೈ ಪೆಟ್ಟು ಕೇಳಿಸಲೇ ಇಲ್ಲ. ತಗಡಿನ ಡಬ್ಬದೊಳಗೆ ಕುಳಿತು ಯಾರೋ ಹಾಡಿದಂತಿತ್ತು. “ಅಗ್ಗದ ಮಾಲು ಕಣೋ, ದುಡ್ಡು ದಂಡ” ಎಂದುಬಿಟ್ಟೆ. ಹುಡುಗನ ಮುಖ ಬಾಡಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ಅದರ ಪೆಟ್ಟಿಗೆಯಿಂದ ಇನ್ನೆರಡು ಜೊತೆ ರಬ್ಬರಿನಂಥ ತುದಿಗಳನ್ನು ತೆಗೆದ. ಒಂದು ಜೊತೆ ಚಿಕ್ಕದು, ಇನ್ನೊಂದು ದೊಡ್ಡದು. “ಮಾವ, ದೊಡ್ಡದು ಹಾಕಿ ನೋಡಿ” ಎಂದ. ಅದೇ ಹಾಡು, ಅದೇ ಇಯರ್‌ಫೋನ್; ಆದರೆ ಈಗ ಮೃದಂಗ ತುಂಬಿ ಬಂತು. ಇಂಥ ಇಯರ್‌ಫೋನಿನ ತುದಿ ಕಿವಿಯ ನಾಳವನ್ನು ಸಂದಿಲ್ಲದಂತೆ ಮುಚ್ಚಬೇಕು. ಸಂದು ಉಳಿದರೆ ಮಂದ್ರ ಸ್ವರಗಳು ಸೋರಿಹೋಗುತ್ತವೆ. ನಾನು ಸರಿಯಾಗಿ ಧರಿಸಿರಲಿಲ್ಲ, ಅಷ್ಟೇ.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಎರಡು ಇಯರ್‌ಫೋನುಗಳನ್ನು ಒಂದರ ಹಿಂದೊಂದು ಕೇಳಿದರೆ, ಕೊಂಚ ಜೋರಾಗಿರುವುದೇ ಉತ್ತಮವೆಂದು ತೋರುತ್ತದೆ. ಸದ್ದು ಕಡಿಮೆಯಾದಂತೆಲ್ಲ ಮಂದ್ರ ಸ್ವರಗಳು ನಮ್ಮ ಕಿವಿಗೆ ಮಿಕ್ಕವುಗಳಿಗಿಂತ ಹೆಚ್ಚು ಮಂಕಾಗುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ತೋರಿಸಿದ್ದರು. ಎಂದರೆ, ಮೊದಲ ಅನಿಸಿಕೆಯಲ್ಲಿ ವಸ್ತುವಿನ ಗುಣದ ಜೊತೆಗೆ ನಮ್ಮ ಕಿವಿಯ ಗುಣವೂ ಬೆರೆತಿರುತ್ತದೆ.

ಹಾಗಾದರೆ ಮೊದಲ ಅನಿಸಿಕೆಯನ್ನು ನಂಬಲೇಬಾರದೇ? ಹಾಗೆಂದರೆ ಬದುಕು ಸಾಗದು. ಸಂತೆಯಲ್ಲಿ ಬದನೆಕಾಯಿ ಆರಿಸಲು ಯಾರೂ ವಾರಗಟ್ಟಲೆ ಯೋಚಿಸುವುದಿಲ್ಲ. ಇಲ್ಲಿ 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ವಿವೇಚನೆ ನಮಗೆ ನೆರವಾಗುತ್ತದೆ. ವಸ್ತುಗಳ ಕುರಿತ ತೀರ್ಪು ಬೇರೆ, ಮನುಷ್ಯರ ಕುರಿತ ತೀರ್ಪು ಬೇರೆ ಎನ್ನುತ್ತಾರೆ ಅವರು. ವಸ್ತುವನ್ನು ತಪ್ಪಾಗಿ ತೂಗಿದರೆ ಅದಕ್ಕೇನೂ ನಷ್ಟವಿಲ್ಲ. ಮನುಷ್ಯನನ್ನು ತಪ್ಪಾಗಿ ತೂಗಿದರೆ ಅವನ ಮಾನಕ್ಕೆ ಕುಂದು. ಆದ್ದರಿಂದ ಸಂಶಯವಿದ್ದಲ್ಲಿ ಒಳ್ಳೆಯದನ್ನೇ ಎಣಿಸಬೇಕು. ಹೀಗೆ ಎಣಿಸಿ ಹಲವು ಸಲ ಮೋಸಹೋದರೂ ಚಿಂತೆಯಿಲ್ಲ. ಅಪರೂಪಕ್ಕಾದರೂ ಸಜ್ಜನನನ್ನು ಕೆಟ್ಟವನೆಂದು ಎಣಿಸುವುದಕ್ಕಿಂತ ಅದು ಲೇಸು.

ನಾನು ವಸ್ತುವಿನ ಬಗ್ಗೆ ಮಾತ್ರ ತೀರ್ಪು ಕೊಟ್ಟೆನೆಂದು ತಿಳಿದಿದ್ದೆ. ಆದರೆ ಇಯರ್‌ಫೋನಿಗೆ ನೋವಾಗಲಿಲ್ಲ, ನೋವಾದದ್ದು ತಿಂಗಳಿಡೀ ದುಡಿದು ಪ್ರೀತಿಯಿಂದ ತಂದವನಿಗೆ. ಅವನ ಕ್ಷಮೆ ಕೇಳಿದೆ. “ಹೋಗಲಿ ಬಿಡಿ ಮಾವ” ಎಂದು ನಕ್ಕ.

ನಿಮ್ಮ ಮನೆಗೆ ಬಂದ ಹೊಸ ಸೊಸೆ, ಶಾಲೆಯಲ್ಲಿ ತಡವರಿಸುವ ಮಗು, ಪಕ್ಕದ ಮನೆಗೆ ಬಂದ ಹೊಸ ಬಾಡಿಗೆದಾರರು – ಇವರ ಬಗ್ಗೆ ನೀವು ಮೊದಲ ದಿನ ಆಡಿದ ಮಾತನ್ನು ಒಮ್ಮೆ ನೆನೆಯಿರಿ. ಅಂದು ಅವರ ಮಾತು ನಿಮಗೆ ಪೂರ್ತಿ ಕೇಳಿಸಿತ್ತೇ? ಇಲ್ಲವಾದರೆ ಇನ್ನೊಮ್ಮೆ ಕೇಳಿ. ಅಷ್ಟರವರೆಗೆ ತೀರ್ಪು ಕಾಯಲಿ.