ಹೂತವರಿಗೆ ಕೊಟ್ಟ ಮಾತು

ಸತ್ತವರಿಗೆ ನೋವಿಲ್ಲ. ಹಾಗಿದ್ದಮೇಲೆ ಅವರಿಗೆ ಅನ್ಯಾಯವಾಯಿತು ಎನ್ನಬಹುದೆ? ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ನಗರದ ಹಳೆಯ ಪೇಟೆಯಲ್ಲಿರುವ ಎಲ್ ಕಾಂಪೊ ಸಾಂತೊ ಎಂಬ ಪುಟ್ಟ ಕ್ಯಾಥೊಲಿಕ್ ಸ್ಮಶಾನದ ಚರಿತ್ರೆ ನೋಡಿದರೆ, ಅನ್ನಲೇಬೇಕು ಎಂಬುದು ನನ್ನ ವಾದ. 1849ರಿಂದ 1880ರವರೆಗೆ ಅಲ್ಲಿ 477 ಮಂದಿಯನ್ನು ಹೂಳಲಾಯಿತು. ಊರು ಕಟ್ಟಿದ ಸ್ಪ್ಯಾನಿಷ್ ಮಾತಿನ ಮನೆತನಗಳವರು ಅಲ್ಲಿದ್ದಾರೆ. ತಮ್ಮ ದನಕರುಗಳ ಮೇಲಿನ ತೆರಿಗೆಯ ವಿರುದ್ಧ ದಂಗೆಯೆದ್ದು, 1852ರಲ್ಲಿ ಗುಂಡಿಗೆ ಬಲಿಯಾದ ಮೂಲನಿವಾಸಿ ನಾಯಕ ಆಂಟೋನಿಯೊ ಗಾರಾ ಕೂಡ ಇದ್ದಾನೆ. 1889ರಲ್ಲಿ ಕುದುರೆ ಟ್ರಾಮಿನ ಹಳಿಯನ್ನು ಈ ಗೋರಿಗಳ ನಡುವೆಯೇ ಹಾಸಿದರು. ಹಳಿಯ ಜಾಗಕ್ಕೆ ಮುಂದೆ ರಸ್ತೆ ಬಂತು.

ಹಳಿ ಅಲ್ಲೇ ಏಕೆ ಹಾಯಿತು ಎಂಬುದಕ್ಕೆ ಉತ್ತರ ಬದುಕಿದ್ದವರ ಸ್ಥಿತಿಯಲ್ಲಿದೆ. 1848ರ ಒಪ್ಪಂದದಿಂದ ಕ್ಯಾಲಿಫೋರ್ನಿಯ ಅಮೆರಿಕದ ಪಾಲಾಯಿತು. 1867ರಲ್ಲಿ ಅಲೊಂಜೊ ಹಾರ್ಟನ್ ಕೊಲ್ಲಿಯ ದಂಡೆಯಲ್ಲಿ ಜಮೀನು ಕೊಂಡು ಹೊಸ ಪೇಟೆ ಎಬ್ಬಿಸಿದ. 1872ರ ಬೆಂಕಿ ಹಳೆಯ ಪೇಟೆಯ ಬೆನ್ನು ಮುರಿಯಿತು. ಕಚೇರಿ, ವ್ಯಾಪಾರ, ಅಧಿಕಾರ ಎಲ್ಲವೂ ಅತ್ತ ಸರಿದಮೇಲೆ ಗೋರಿಗಳ ಪರವಾಗಿ ಗಟ್ಟಿಯಾಗಿ ಮಾತಾಡುವವರು ಯಾರು? ಬಲವುಳ್ಳ ಮೊಮ್ಮಕ್ಕಳಿದ್ದ ಸ್ಮಶಾನವಾಗಿದ್ದರೆ ಹಳಿ ಬಳಸಿಕೊಂಡು ಹೋಗುತ್ತಿತ್ತು ಎಂದೇ ನಾನು ನಂಬುತ್ತೇನೆ. ಸತ್ತವರ ಹಕ್ಕು ವಾರಸುದಾರರ ಬಲವನ್ನು ನೆಚ್ಚಿಕೊಂಡಿರುವುದಾದರೆ ಅದನ್ನು ಹಕ್ಕು ಎನ್ನುವುದೇ ತಪ್ಪು.

ದೇಹವನ್ನು ಸುಟ್ಟು ಬೂದಿಯನ್ನು ಹೊಳೆಗೆ ಬಿಡುವ ಸಂಪ್ರದಾಯದವರು, ಮಣ್ಣಿಗೆ ಏಕಿಷ್ಟು ಅಂಟಿಕೊಳ್ಳಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಯಾಥೊಲಿಕ್ ಚರ್ಚು ಕೂಡ 1963ರಲ್ಲಿ ದಹನಕ್ಕೆ ಅನುಮತಿ ಕೊಟ್ಟಿತು. ಪುನರುತ್ಥಾನಕ್ಕೆ ಗೋರಿ ಇರಲೇಬೇಕು ಎಂದು ಅದೂ ಹೇಳುವುದಿಲ್ಲ. ಆದರೆ ಇಲ್ಲಿ ಕೇಳಬೇಕಾದದ್ದು ಆತ್ಮದ ಗತಿಯ ಬಗ್ಗೆ ಅಲ್ಲ, ಮಾತಿನ ಬಗ್ಗೆ. ನದಿಗೆ ಬಿಟ್ಟ ಬೂದಿಯ ವಿಷಯದಲ್ಲಿ ಯಾರೂ ಜಾಗದ ಭರವಸೆ ಕೊಟ್ಟಿರುವುದಿಲ್ಲ. ಪವಿತ್ರಗೊಳಿಸಿದ ನೆಲದಲ್ಲಿ ಹೂಳುವಾಗ ಊರು ಅಂಥ ಭರವಸೆ ಕೊಟ್ಟಿರುತ್ತದೆ, ಅದೂ ಉಲ್ಲಂಘನೆಯಾದರೆ ದೂರಲು ಬಾರದವರಿಗೆ. ಬೆಳೆಯುವ ನಗರಕ್ಕೆ ರಸ್ತೆ ಬೇಡವೆ ಎಂಬ ಆಕ್ಷೇಪವೂ ಇದೆ. ಬೇಕು. ಅನಿವಾರ್ಯವಾದರೆ ಅಸ್ಥಿಗಳನ್ನು ತೆಗೆದು, ವಿಧಿವತ್ತಾಗಿ ಬೇರೆಡೆ ಇಡಬಹುದು. ಅದು ಮಾತು ತಪ್ಪಿದಂತಲ್ಲ. ಇಲ್ಲಿ ನಡೆದದ್ದು ಬೇರೆ. 1993ರಲ್ಲಿ ನೆಲದೊಳಗನ್ನು ಶೋಧಿಸುವ ರಾಡಾರ್ ಬಳಸಿದಾಗ ರಸ್ತೆ, ಕಾಲುದಾರಿಗಳ ಅಡಿಯಲ್ಲಿ ಗೋರಿಗಳಿನ್ನೂ ಇದ್ದವು; ಅವನ್ನು ತೋರಿಸಲು ಪುಟ್ಟ ಲೋಹದ ಬಿಲ್ಲೆಗಳನ್ನು ಜಡಿಯಲಾಯಿತು. ತಡವಾದರೂ ಆ ಗುರುತು ಬೇಕಾಗಿತ್ತು. ಆದರೆ ಗಾರಾನನ್ನು ಕೊಂದವರೂ ಅವನಿಗೆ ಈ ನೆಲದಲ್ಲಿ ಜಾಗ ಬಿಟ್ಟಿದ್ದರು. ಶತ್ರುವೆಂದು ಕೊಂದವನಿಗೆ ಸಿಕ್ಕ ಆ ಕನಿಷ್ಠ ಮರ್ಯಾದೆ, ನಗರಕ್ಕೆ ಯಾವ ಕೇಡನ್ನೂ ಮಾಡದೆ ರಸ್ತೆಯ ಅಡಿಗೆ ಹೋದವರಿಗೆ ನೂರು ವರ್ಷ ಸಿಗಲಿಲ್ಲ.